ಬಿಂದುವಿಗೂ ಬಿಂದುವಿಗೂ ನಡುವೆ

“ಬಿಂದುವನ್ನ ಬಿಂದುವಿನಿಂದ ಗುಣಿಸಿದ್ರೆ ಎಷ್ಟು?”

ಪತ್ತೇದಾರ ಹೀಗೆ ಕೇಳಿದಾಗ ಕರಿಹಲಗೆಯ ಮುಂದೆ ನಿಂತಿದ್ದ ಶಿಷ್ಯನಿಗೆ ನಗು ಬಂದುಬಿಟ್ಟಿತು. ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ, ಕೊನೆಯದಾಗಿ ಅವರನ್ನು ಕಂಡದ್ದು ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಕಟ್ಟಿಕೊಂಡು ಬಂದಿದ್ದವನು ಅವನು. ಯುದ್ಧಕ್ಕೆಂದು ಕವಚ ತೊಟ್ಟು ಬಂದವನ ಮುಂದೆ ಎದುರಾಳಿ ಚೌಕಾಬಾರದ ಮನೆ ಬರೆದು ಕೂತ ಹಾಗಾಗಿತ್ತು.

“ಯಾವ ಗುಣಾಕಾರ ಸಾರ್? ಹಳೇದಾ, ಹೊಸದಾ?”

“ಎರಡೂ ಹೇಳಿ. ನನಗೆ ಮಗ್ಗಿ ಬಿಟ್ಟು ಇನ್ನೇನೂ ಬರಲ್ಲ. ಅದೂ ಹದಿಮೂರರ ಹತ್ರ ಬಂದ್ರೆ ನಾಲಿಗೆ ತಡವರಿಸುತ್ತೆ.”

ಶಿಷ್ಯ ಸೀಮೆಸುಣ್ಣ ಕೈಗೆತ್ತಿಕೊಂಡ. ಅವನಿಗೆ ನಲವತ್ತರ ಹತ್ತಿರ. ಅವನ ಕೈಕೆಳಗೇ ಈಗ ಶಿಷ್ಯರಿದ್ದರು. ಆದರೂ ಆ ಗಣಿತ ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಶಿಷ್ಯನೆಂದೇ ಕರೆಯುತ್ತಿದ್ದರು. ಯಾರ ಶಿಷ್ಯನೆಂದು ಹೇಳುವ ಅಗತ್ಯವಿರಲಿಲ್ಲ. ಹೋದ ವಾರ ಇದೇ ಮೇಲಂತಸ್ತಿನ ಮೆಟ್ಟಿಲ ಕಂಬಿಯಾಚೆ ಬಿದ್ದು ತೀರಿಕೊಂಡ ಹಿರಿಯ ಗಣಿತಜ್ಞರು ಅವನಿಗೆ ಗುರುಗಳು, ಪತ್ತೇದಾರನಿಗೆ ಭಾವ. ಭಾವ ತಾವಾಗಿಯೇ ಹಾರಿಕೊಂಡರು ಎಂಬ ವರದಿಗೆ ಹೊಸ ನಿರ್ದೇಶಕರು ಇಂದು ಸಂಜೆ ಸಹಿ ಹಾಕುವವರಿದ್ದರು.

“ಹಳೇ ಗುಣಾಕಾರ ಅಂದ್ರೆ ಬರೀ ಒಂದೇ ಪ್ರಶ್ನೆ,” ಎಂದು ಶಿಷ್ಯ ಹಲಗೆಯ ಮೇಲೆ ಎರಡು ಗೆರೆ ಎಳೆದ. “ಇವೆರಡೂ ಎಲ್ಲಿ ಸೇರ್ತವೆ? ಎರಡು ಗೆರೆ ಒಂದು ಬಿಂದುವಲ್ಲಿ ಸೇರ್ತವೆ. ಹಾಗಾಗಿ ಗೆರೆ ಗುಣಿಸು ಗೆರೆ, ಬಿಂದು. ಎರಡು ಬೇರೆ ಬೇರೆ ಬಿಂದು ಎಲ್ಲೂ ಸೇರಲ್ಲ. ಹಾಗಾಗಿ ಬಿಂದು ಗುಣಿಸು ಬಿಂದು, ಸೊನ್ನೆ.”

“ಹೊಸದರಲ್ಲಿ?”

“ಹೊಸದರಲ್ಲಿ ಪ್ರಶ್ನೆ ಸ್ವಲ್ಪ ಉದಾರ. ಅವು ಸೇರದೇ ಇದ್ರೂ ಪರವಾಗಿಲ್ಲ, ಎರಡನ್ನೂ ಮುಟ್ಟಿಕೊಂಡು ಹೋಗೋ ಒಂದು ಎಳೆ ಇದೆಯಾ?” ಅವನು ಎರಡು ಚುಕ್ಕೆ ಇಟ್ಟು ಅವುಗಳ ನಡುವೆ ಗೆರೆ ಎಳೆದ. “ಇದೆ. ಎರಡು ಬಿಂದುವಿನ ಮೂಲಕ ಒಂದು ಗೆರೆ ಹೋಗೇ ಹೋಗುತ್ತೆ. ಹಾಗಾಗಿ ಉತ್ತರ ಸೊನ್ನೆ ಅಲ್ಲ. ಕ್ಯೂ ಗೆರೆ.”

“ಈ ಕ್ಯೂ ಯಾರು?”

“ಇಂಗ್ಲಿಷಿನ ಕ್ಯೂ ಅಕ್ಷರ. ತಿರುಗಿಸೋ ಗುಂಡಿ ಅಂದ್ಕೊಳ್ಳಿ. ರೇಡಿಯೋದಲ್ಲಿರುತ್ತಲ್ಲ, ಹಾಗೆ. ಸೊನ್ನೆಗೆ ತಿರುಗಿಸಿದ್ರೆ ಎಳೆಗಳೆಲ್ಲ ಮಾಯ, ಹಳೇ ಗುಣಾಕಾರ ವಾಪಸ್ ಬರುತ್ತೆ. ಸ್ವಲ್ಪ ತಿರುಗಿಸಿದ್ರೆ ಗುಣಾಕಾರವೇ ಬಾಗುತ್ತೆ. ಕ್ವಾಂಟಮ್ ಕೊಹೊಮಾಲಜಿ ಅಂತ ದೊಡ್ಡ ಹೆಸರು. ಒಳಗಿರೋದು ಇಷ್ಟೇ.”

ಪತ್ತೇದಾರ ತಲೆಯಾಡಿಸಿದ. ಈ ಕ್ಯೂ ಅವನಿಗೆ ಹೊಸಬನೇನಲ್ಲ. ಅಕ್ಕನ ಮನೆಯಲ್ಲಿ ಊಟದ ಹೊತ್ತಿಗೂ ಅದರ ಮಾತು ಬರುತ್ತಿತ್ತು. “ಮದುವೆಯಾದ ದಿನದಿಂದ ಕ್ಯೂ ಕ್ಯೂ ಅಂತಾರೆ, ಒಂದು ದಿನ ಅಂಗಡಿ ಕ್ಯೂನಲ್ಲಿ ನಿಂತು ಸಕ್ಕರೆ ತಂದವರಲ್ಲ” ಎಂದು ಅಕ್ಕ ಹಂಗಿಸುತ್ತಿದ್ದಳು. ಭಾವ ತಟ್ಟೆಯ ಮೇಲೆ ಬಗ್ಗಿ ನಗುತ್ತಿದ್ದರು.

ಆ ನಗು ಈಗ ಯಾವ ಮನೆಯಲ್ಲೂ ಇಲ್ಲ.

ಅಕ್ಕ ಈಗ ಕೆಳಗೆ ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಮನೆಯಲ್ಲಿರು ಎಂದರೆ ಕೇಳಿರಲಿಲ್ಲ. ಬೆಳಿಗ್ಗೆ ಅವಳು ಆಡಿದ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

“ದೇವರು ಕೊಟ್ಟ ಜೀವಾನ ದೇವರು ವಾಪಸ್ ತಗೊಂಡ ಕಣೋ. ಅದಕ್ಕೆ ನಾನು ಅವನ ಹತ್ರ ಜಗಳ ಆಡಲ್ಲ. ಆದ್ರೆ ಇವರೇ ಅದನ್ನ ಬಿಸಾಕಿದ್ರು ಅಂತ ಬರೀತಾರಂತಲ್ಲ, ಅದು ನನಗೆ ನುಂಗೋಕಾಗಲ್ಲ. ಬಿದ್ರೋ, ಯಾರಾದ್ರೂ ಬೀಳಿಸಿದ್ರೋ, ಅದು ಆಮೇಲೆ. ಬಿಸಾಕಲಿಲ್ಲ ಅನ್ನೋದೊಂದನ್ನ ತಂದುಕೊಡು. ನಾನು ದೇವರ ಮುಂದೆ ಕೂತಾಗ ಅವರ ಹೆಸರನ್ನ ತಲೆ ಎತ್ತಿ ಹೇಳ್ಬೇಕು.”

ಪೊಲೀಸ್ ಸೇವೆಯಲ್ಲಿದ್ದಾಗ ಎಷ್ಟೋ ಮನೆಗಳಿಗೆ ಎಷ್ಟೋ ಉತ್ತರ ತಂದುಕೊಟ್ಟವನು ಅವನು. ನಿವೃತ್ತನಾದ ಮೇಲೆ ಸ್ವಂತ ಅಕ್ಕನ ಮನೆಗೆ ಬರಿಗೈಯಲ್ಲಿ ಹೋಗುವುದೆಂದರೆ? ದೇವರೇ, ಸುಳ್ಳನ್ನು ಹಿಡಿಯುವ ಹಟಕ್ಕಿಂತ ಮೊದಲು ನಿಜವನ್ನು ಕೇಳುವ ತಾಳ್ಮೆ ಕೊಡು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಪ್ರತಿ ವಿಚಾರಣೆಗೂ ಮುನ್ನ ಅವನು ಬೇಡುತ್ತಿದ್ದುದು ಅಷ್ಟನ್ನೇ.

“ಈಗ ಅವತ್ತಿನ ಸೆಮಿನಾರಿಗೆ ಬರೋಣ,” ಎಂದ. “ಅವರ ಕೊನೆಯ ಪ್ರಮೇಯ ತಪ್ಪು ಅಂತ ತೋರಿಸಿದವರು ನೀವು.”

ಶಿಷ್ಯನ ಮುಖ ಬಿಗಿಯಾಯಿತು. “ತೋರಿಸೋ ಹಾಗಾಯ್ತು. ನನಗೇನು ಅದರಲ್ಲಿ ಸಂತೋಷ ಇರ್ಲಿಲ್ಲ.”

“ಅವರು ಏನು ಹೇಳ್ತಿದ್ರು, ನೀವೇನು ಮುರಿದ್ರಿ? ಮಗುವಿಗೆ ಹೇಳೋ ಹಾಗೆ ಹೇಳಿ.”

“ಶಾಲೆಯಲ್ಲಿ ಸಹವರ್ತನ ನಿಯಮ ಓದಿರ್ತೀರಿ. ಮೂರು ವಸ್ತು ಇದ್ರೆ, ಮೊದಲೆರಡನ್ನ ಗುಣಿಸಿ ಆಮೇಲೆ ಮೂರನೇದರಿಂದ ಗುಣಿಸಿ. ಇಲ್ಲಾ ಕೊನೆಯೆರಡನ್ನ ಮೊದಲು ಗುಣಿಸಿ. ಉತ್ತರ ಒಂದೇ ಬರ್ಬೇಕು.”

“ಆವರಣ ಎಲ್ಲಿ ಹಾಕಿದ್ರೂ ಒಂದೇ.”

“ಅದೇ. ಈಗ ಗೆರೆ, ಗೆರೆ, ಬಿಂದು ತಗೊಳ್ಳಿ.” ಶಿಷ್ಯನ ಕೈ ಹಲಗೆಯ ಮೇಲೆ ಓಡಿತು. ಪಾಠ ಹೇಳುವಾಗ ಅವನ ಬಿಗಿತವೆಲ್ಲ ಸಡಿಲವಾಗುತ್ತಿತ್ತು. “ಎಡಗಡೆ, ಗೆರೆ ಗೆರೆ ಸೇರಿ ಬಿಂದು ಆಯ್ತು. ಬಿಂದು ಬಿಂದು ಸೇರಿ ಕ್ಯೂ ಗೆರೆ. ಬಲಗಡೆ, ಗೆರೆಯನ್ನೂ ಅದರ ಮೇಲಿಲ್ಲದ ಬಿಂದುವನ್ನೂ ಮುಟ್ಟೋ ಎಳೆಗಳನ್ನ ಎಳೀತಾ ಹೋದ್ರೆ ಇಡೀ ಸಮತಲವೇ ತುಂಬಿಹೋಗುತ್ತೆ. ಕ್ಯೂ ಸಮತಲ. ಅದರಲ್ಲಿ ಉಳಿದ ಗೆರೆ ಎಲ್ಲಿ ಸೇರುತ್ತೆ ಅಂದ್ರೆ ಆ ಗೆರೆಯೇ. ಕ್ಯೂ ಗೆರೆ. ಎರಡೂ ಒಂದೇ.”

“ಎಡಗಡೆ ಮಾತ್ರ ಹಳೇ ಲೆಕ್ಕ ಹಾಕಿ, ಬಲಗಡೆ ಹೊಸ ಲೆಕ್ಕ ಹಾಕಿದ್ರೆ?”

ಶಿಷ್ಯ ಥಟ್ಟನೆ ತಿರುಗಿದ. “ಎಡಗಡೆ ಸೊನ್ನೆ, ಬಲಗಡೆ ಕ್ಯೂ ಗೆರೆ. ನಿಯಮ ಮುರಿದುಬೀಳುತ್ತೆ. ಆದ್ರೆ ಅಂಥ ತಪ್ಪು ಯಾರು ಮಾಡ್ತಾರೆ ಸಾರ್? ಮೊದಲ ವರ್ಷದ ಮಕ್ಕಳೂ ಮಾಡಲ್ಲ.”

ಅವನ ಕಿವಿಯ ತುದಿ ಕೆಂಪಾಯಿತು. ಪತ್ತೇದಾರ ಅದನ್ನು ನೋಡಿದ, ನೋಡದವನ ಹಾಗೆ ಚೀಲದಿಂದ ಒಂದು ಫೋಟೋ ತೆಗೆದ. ಸೆಮಿನಾರು ಮುಗಿದ ಕೂಡಲೇ ನಿರ್ದೇಶಕರು ಕರಿಹಲಗೆಯನ್ನು ಮೊಬೈಲಿನಲ್ಲಿ ಹಿಡಿದುಕೊಂಡದ್ದು, ವರದಿಯ ಜೊತೆ ಲಗತ್ತಿಸಿದ್ದು.

“ಇದು ಅವತ್ತಿನದು. ಭಾವ ಮಾಡಿದ್ದೇನು?”

“ಬಾಗಿದ್ದನ್ನ ಇನ್ನೊಂದು ದಿಕ್ಕಿಗೆ ಬಾಗಿಸಿದ್ರು. ಎರಡನೇ ಗುಂಡಿ ಇಟ್ರು ಅಂದ್ಕೊಳ್ಳಿ. ಎರಡನ್ನೂ ಎಷ್ಟು ಬೇಕಾದ್ರೂ ತಿರುಗಿಸಿ, ಸಹವರ್ತನ ನಿಯಮ ಮುರಿಯಲ್ಲ ಅನ್ನೋದು ಅವರ ಪ್ರಮೇಯ. ಹನ್ನೊಂದು ವರ್ಷದ ಕೆಲಸ. ನಾನು ಮೂರು ವಸ್ತು ತಗೊಂಡು ಲೆಕ್ಕ ಹಾಕಿ ತೋರಿಸಿದೆ. ಎಡ ಬಲ ಹೊಂದಲಿಲ್ಲ.”

“ಆಗ ಅವರು?”

“ಬೋರ್ಡನ್ನ ನೋಡ್ತಾ ನಿಂತ್ರು. ಒಂದು ಮಾತೂ ಆಡ್ಲಿಲ್ಲ. ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟು ಹೊರಟುಹೋದ್ರು. ಆಮೇಲೆ...” ಅವನು ಬೆರಳಿನ ಸುಣ್ಣ ಒರೆಸಿಕೊಂಡ. “ಆಮೇಲೆ ನಾನು ಅವರನ್ನ ಜೀವಂತ ನೋಡ್ಲಿಲ್ಲ.”

ಇದೇ ಮಾತು ವರದಿಯಲ್ಲಿತ್ತು, ನಿರ್ದೇಶಕರ ಬಾಯಲ್ಲಿತ್ತು, ಕಾವಲುಗಾರನ ಬಾಯಲ್ಲೂ ಇತ್ತು. ಹಲಗೆ, ಮೌನ, ಬೀಳುವಿಕೆ. ಹಲಗೆಯನ್ನು ಮೌನದ ಜೊತೆ ಸೇರಿಸಿದರು, ಅವಮಾನ ಎಂದಾಯಿತು. ಅವಮಾನವನ್ನು ಬೀಳುವಿಕೆಯ ಜೊತೆ ಸೇರಿಸಿದರು, ಆತ್ಮಹತ್ಯೆ ಎಂದಾಯಿತು. ಅಚ್ಚುಕಟ್ಟಾದ ಲೆಕ್ಕ.

ಆದರೆ ಭಾವನನ್ನು ಬಲ್ಲವರು ಆವರಣವನ್ನು ಬೇರೆ ಕಡೆ ಹಾಕುತ್ತಿದ್ದರು.

ಬೆಳಿಗ್ಗೆ ಆ ಮೌನದ ಮಾತು ಹೇಳಿದಾಗ ಅಕ್ಕ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅವನನ್ನು ನೋಡಿದ್ದಳು. “ಮಾತಾಡದೆ ಹೋದ್ರಾ? ಹಾಗಾದ್ರೆ ಅವರ ತಪ್ಪಲ್ಲ ಅದು. ಅವರ ತಪ್ಪಾಗಿದ್ರೆ ಅಲ್ಲೇ ಹಣೆ ಚಚ್ಕೊಂಡು ನಕ್ಕುಬಿಡೋರು. ಬೇರೆಯವರ ತಪ್ಪು ಕಂಡ್ರೆ ಮಾತ್ರ ನಾಲಿಗೆ ಕಚ್ಕೊಳ್ಳೋರು. ನಾಲ್ಕು ಜನರ ಮುಂದೆ ಯಾರ ಮುಖಕ್ಕೂ ಮಸಿ ಬಳಿದೋರಲ್ಲ. ಆಮೇಲೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿ ಹೇಳಿ ಬರೋರು.”

ಅಕ್ಕನ ಮಾತು ನಿಜವಾದರೆ ಮೌನಕ್ಕೂ ಬೀಳುವಿಕೆಗೂ ನಡುವೆ ಒಂದು ಕೋಣೆ ಇರಬೇಕು, ಮುಚ್ಚಿದ ಬಾಗಿಲಿರಬೇಕು. ಎಲ್ಲರೂ ಅಲ್ಲಿ ಸೊನ್ನೆ ಬರೆದಿದ್ದರು. ಯಾರನ್ನೂ ಭೇಟಿಯಾಗಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ ಎಂದು.

“ಇನ್ನೊಂದೇ ಉಪಕಾರ ಮಾಡಿ,” ಎಂದ ಪತ್ತೇದಾರ. “ಅವತ್ತು ಬರೆದದ್ದನ್ನೇ ಇನ್ನೊಮ್ಮೆ ಬರೆದು ತೋರಿಸಿ. ಮೊದಲಿಂದ ಕೊನೇವರೆಗೆ.”

“ಫೋಟೋ ಇದೆಯಲ್ಲ ಸಾರ್.”

“ಫೋಟೋ ಮಾತಾಡಲ್ಲವಲ್ಲ. ನೀವು ಬರೀತಾ ಹೋಗಿ. ಅರ್ಥ ಆಗದಿದ್ರೂ ಕೇಳಿದ ಪುಣ್ಯ ಬರ್ಲಿ.”

ಶಿಷ್ಯ ಹಲಗೆಯನ್ನು ಒರೆಸಿದ. ಡಸ್ಟರಿನ ಧೂಳು ಕಿಟಕಿಯ ಬೆಳಕಿನಲ್ಲಿ ತೇಲಿ ಮೇಜಿನ ಮೇಲೆ ಕೂತಿತು. ಅವನು ಎಡಬದಿಯಿಂದ ಶುರುಮಾಡಿದ. ಮೊದಲೆರಡು ವಸ್ತು ಸೇರಿದವು. ಬಂದದ್ದನ್ನು ಮೂರನೆಯದರ ಜೊತೆ ಸೇರಿಸಿದ. ಬರೆಯುತ್ತಾ ಬರೆಯುತ್ತಾ ಎದುರಿಗೆ ಕೂತಿರುವುದು ಮಗ್ಗಿಯಲ್ಲಿ ತಡವರಿಸುವ ಮುದುಕನೆಂಬುದನ್ನೂ, ಯಾಕಾಗಿ ಬರೆಯುತ್ತಿದ್ದೇನೆಂಬುದನ್ನೂ ಮರೆತವನಂತೆ ಕಂಡ. ಒಳ್ಳೆಯ ಕಸುಬುದಾರನ ಕೈ ಹಾಗೆಯೇ. ದಾರಿ ಗೊತ್ತಿರುವ ಎತ್ತು ಒಡೆಯ ನಿದ್ದೆಹೋದರೂ ಮನೆಗೇ ಬರುತ್ತದೆ.

ಪತ್ತೇದಾರ ಅಕ್ಷರಗಳನ್ನು ನೋಡಲಿಲ್ಲ. ಒಂದು ಕಣ್ಣು ಕೈಯ ಮೇಲಿತ್ತು, ಇನ್ನೊಂದು ತೊಡೆಯ ಮೇಲಿದ್ದ ಫೋಟೋದ ಮೇಲೆ.

ಮೂರನೆಯ ಸಾಲಿನ ನಡುವೆ ಸೀಮೆಸುಣ್ಣ ಕ್ಯೂ ಎಂದು ಬರೆಯಿತು. ಅದರ ಪಕ್ಕ ಇನ್ನೊಂದು ಅಕ್ಷರದ ಅರ್ಧ ಬರೆದು ನಿಂತಿತು. ಶಿಷ್ಯ ಹಸ್ತದ ಬುಡದಿಂದ ಎರಡನ್ನೂ ಒರೆಸಿ, ಅದೇ ಜಾಗದಲ್ಲಿ ಸೊನ್ನೆ ಬರೆದು ಮುಂದೆ ಹೋದ.

“ಅಲ್ಲಿ ಏನು ಅಳಿಸಿದ್ರಿ?”

“ಕೈತಪ್ಪು.”

“ಸರಿ, ಕೈತಪ್ಪೇ ಇರ್ಲಿ. ಅಳಿಸಿದ್ದನ್ನ ಅಳಿಸದೆ ಹಾಗೇ ಬಿಟ್ಟು ಮುಂದೆ ಹೋಗಿದ್ರೆ, ಎಡ ಬಲ ಹೊಂದ್ತಿತ್ತಾ?”

ಶಿಷ್ಯ ಹಲಗೆಗೆ ಮುಖಮಾಡಿಯೇ ನಿಂತ.

“ನಾನು ಗಣಿತದವನಲ್ಲ,” ಎಂದ ಪತ್ತೇದಾರ, ಮೆಲ್ಲಗೆ. “ಆದ್ರೆ ಕೈಗಳನ್ನ ಬಹಳ ನೋಡಿದ್ದೀನಿ. ಸುಳ್ಳು ಸಹಿ ಹಾಕೋ ಕೈ, ಚಾಕು ಬಚ್ಚಿಡೋ ಕೈ. ತಪ್ಪು ಮಾಡೋ ಕೈ ತಪ್ಪನ್ನ ಅಳಿಸಿ ಸರಿ ಬರೆಯುತ್ತೆ. ನಿಮ್ಮ ಕೈ ಸರಿಯನ್ನ ಅಳಿಸಿ ತಪ್ಪು ಬರೀತು. ಈ ಫೋಟೋ ನೋಡಿ. ಅವತ್ತು ಈ ಜಾಗದಲ್ಲಿ ಅಳಿಸಿದ ಗುರುತೇ ಇಲ್ಲ. ಅವತ್ತು ನೀವು ನಿಜವಾಗಲೂ ಸೊನ್ನೆ ಅಂತಲೇ ನಂಬಿದ್ರಿ.”

“ಸಾರ್...”

“ಅವತ್ತು ಗೊತ್ತಿಲ್ಲದ್ದು ಇವತ್ತು ಗೊತ್ತಿದೆ. ನಡುವೆ ಹೇಳಿಕೊಟ್ಟವರು ಯಾರಪ್ಪ?”

ಶಿಷ್ಯ ತಿರುಗಲಿಲ್ಲ. “ನಾನೇ ಕಂಡುಕೊಂಡೆ. ಆಮೇಲೆ. ಮನೇಲಿ.”

“ಹಾಗಾದ್ರೆ ನಿಮ್ಮ ಗುರುಗಳ ಪ್ರಮೇಯ ಸರಿ ಅಂತ ನಿಮಗೆ ಗೊತ್ತು. ಗೊತ್ತಿದ್ದೂ ಅದು ತಪ್ಪು, ಅದಕ್ಕೇ ಪ್ರಾಣ ಕಳ್ಕೊಂಡ್ರು ಅನ್ನೋ ವರದಿ ಸಂಜೆ ಹೋಗ್ತಿದ್ರೂ ಬಾಯಿ ಬಿಡ್ಲಿಲ್ಲ. ಬರೀ ತಪ್ಪು ಮಾಡಿದ ನಾಚಿಕೆಗೆ ಇಷ್ಟು ದೊಡ್ಡ ಬೀಗ ಬೇಕಾಗಿರ್ಲಿಲ್ಲ. ಅವರು ನಿಮ್ಮ ಕೋಣೆಗೆ ಬಂದಿದ್ರು. ಬಾಗಿಲು ಹಾಕಿದ್ರು. ಅಲ್ವಾ?”

ಸೀಮೆಸುಣ್ಣ ನೆಲಕ್ಕೆ ಬಿದ್ದು ಎರಡಾಯಿತು.

ಆಮೇಲೆ ಮಾತು ತಾನಾಗಿ ಬಂತು. ಕಟ್ಟೆ ಒಡೆದ ನೀರಿನ ಹಾಗೆ ಅಲ್ಲ. ಒದ್ದೆ ಬಟ್ಟೆಯನ್ನು ಹಿಂಡಿದಂತೆ, ಸ್ವಲ್ಪ ಸ್ವಲ್ಪವಾಗಿ.

“ಬಂದ್ರು. ನಾನು ಎದ್ದು ನಿಂತೆ. ಕೂತ್ಕೊಳ್ಳಿ ಅಂತ ನನಗೇ ಹೇಳಿ, ಕುರ್ಚಿ ಎಳ್ಕೊಂಡು ಎದುರಿಗೆ ಕೂತ್ರು. ‘ನೀವು ಮಾಡಿದ ತಪ್ಪು ಬಹಳ ಚೆನ್ನಾಗಿದೆ’ ಅಂದ್ರು. ಹಾಗೇ ಅಂದ್ರು ಸಾರ್, ಚೆನ್ನಾಗಿದೆ ಅಂತ. ‘ಇದೇ ತಪ್ಪನ್ನ ನಾನೂ ಮಾಡಿದ್ದೆ, ಹಿಡಿಯೋಕೆ ಒಂದು ಚಳಿಗಾಲ ಬೇಕಾಯ್ತು. ಆ ಎರಡು ವಸ್ತುಗಳ ನಡುವೆ ಮೊದಲ ಗುಂಡಿಗೆ ಎಳೆ ಹುಟ್ಟಲ್ಲ, ಎರಡನೇ ಗುಂಡಿ ತಿರುಗಿಸಿದಾಗಲೇ ಹುಟ್ಟೋದು. ನೀವು ಎಡಗಡೆ ಹಳೇ ದೋಣಿ ಮೇಲೆ, ಬಲಗಡೆ ಹೊಸ ದೋಣಿ ಮೇಲೆ ಕಾಲಿಟ್ಟಿದ್ದೀರಿ. ಮುಳುಗಿದ್ದು ನಿಯಮ ಅಲ್ಲ, ನೀವು’ ಅಂತ ನಕ್ರು.”

“ಆಮೇಲೆ?”

“‘ನಾನು ಯಾರಿಗೂ ಹೇಳಲ್ಲ. ನಾಳೆ ನೀವೇ ಎದ್ದು ತಿದ್ದಿಬಿಡಿ. ತಪ್ಪನ್ನ ತಾನೇ ತಿದ್ದಿಕೊಂಡವನನ್ನ ಜನ ಮರೆಯಲ್ಲ’ ಅಂದ್ರು. ನನ್ನ ಭುಜ ತಟ್ಟಿ ಎದ್ರು. ಅಷ್ಟೇ. ಬಾಗಿಲು ಹಾಕ್ಕೊಂಡು ಹೋದ ಸ್ವಲ್ಪ ಹೊತ್ತಿಗೇ ಆ ಶಬ್ದ.”

ಅವನು ಮುಖ ಮುಚ್ಚಿಕೊಂಡ. ಅಂಗೈಯ ಸುಣ್ಣ ಕೆನ್ನೆಗೆ ಮೆತ್ತಿಕೊಂಡಿತು.

“ತಿದ್ದೋಕೆ ನಿಂತ್ರೆ ಯಾವಾಗ ಗೊತ್ತಾಯ್ತು ಅಂತ ಕೇಳ್ತಾರೆ. ಕೊನೆಗೆ ಅವರ ಜೊತೆ ಇದ್ದವನು ನಾನು ಅಂತಾಗುತ್ತೆ. ಬೆಳಿಗ್ಗೆ ಅವರನ್ನ ಎಲ್ಲರ ಮುಂದೆ ಮುರಿದವನು ನಾನು, ಸಂಜೆ ಅವರೇ ಬಂದು ನನ್ನನ್ನ ಮುರಿದ್ರು, ಆಮೇಲೆ ಅವರು ಬಿದ್ರು. ಯಾರು ನಂಬ್ತಾರೆ ಸಾರ್? ಹೆದರಿದೆ.”

“ನಿಮ್ಮ ಹೆದರಿಕೆಗೆ ಅವರು ಎರಡನೇ ಸಲ ಸತ್ರು,” ಎಂದ ಪತ್ತೇದಾರ. ಅಂದ ಮೇಲೆ ಮಾತು ಖಾರವಾಯಿತೆನಿಸಿತು. ಎದುರಿಗಿದ್ದವನೂ ತಂದೆಯಂಥವರನ್ನು ಕಳೆದುಕೊಂಡವನೇ. ಅಳಲಾರದೆ ಬಚ್ಚಿಟ್ಟವನ ದುಃಖ ಇನ್ನೂ ಭಾರ. ಪತ್ತೇದಾರ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವನತ್ತ ಸರಿಸಿದ. “ಕುಡೀರಿ. ಸಂಜೆ ಒಳಗೆ ಇದನ್ನೆಲ್ಲ ನಿರ್ದೇಶಕರ ಮುಂದೆ ಹೇಳ್ತೀರಾ?”

“ಹೇಳ್ತೀನಿ. ಬರೆದೂ ಕೊಡ್ತೀನಿ. ಒಂದಕ್ಷರ ಬಿಡಲ್ಲ.”

ಪತ್ತೇದಾರನ ಎದೆಯೊಳಗಿನ ಮುಳ್ಳು ಸಡಿಲವಾಯಿತು. ಅಷ್ಟು ಸಾಕಾಗಿತ್ತು. ಭುಜ ತಟ್ಟಿ, ನಕ್ಕು, ನಾಳೆಯ ಮಾತಾಡಿ ಹೊರಟ ಮನುಷ್ಯ ಬಾಗಿಲಾಚೆ ಹೋಗಿ ಪ್ರಾಣ ಕಳೆದುಕೊಳ್ಳುವುದಿಲ್ಲ. ಅಕ್ಕ ದೇವರ ಮುಂದೆ ತಲೆಯೆತ್ತಬಹುದು. ಅವನು ಏಳುತ್ತಾ, ಬರೀ ಅಭ್ಯಾಸಬಲದಿಂದ ಕೇಳಿದ. “ಹಾಗಾದ್ರೆ ಕೊನೆಗೆ ಅವರನ್ನ ನೋಡಿದವರು ನೀವೇ.”

“ಇಲ್ಲ ಸಾರ್. ಹೊರಗೆ ಯಾರೋ ಇದ್ರು.”

ಪತ್ತೇದಾರ ನಿಂತಲ್ಲೇ ನಿಂತ.

“ಯಾರು?”

“ನನಗೆ ಕಾಣಿಸ್ಲಿಲ್ಲ. ಅವರು ಬಾಗಿಲಲ್ಲೇ ತಡೆದು ನಿಂತ್ರು. ಆಶ್ಚರ್ಯ ಆದ ಹಾಗೆ ‘ಏನೇ, ನೀನ್ಯಾಕೆ ಬಂದೆ?’ ಅಂದ್ರು. ಆಮೇಲೆ ಬಾಗಿಲು ಮುಚ್ಚಿಕೊಳ್ತು.”

“ಇನ್ನೊಮ್ಮೆ ಹೇಳಿ. ಅವರು ಹೇಳಿದ ಹಾಗೇ.”

“‘ಏನೇ, ನೀನ್ಯಾಕೆ ಬಂದೆ?’ ಯಾರೋ ವಿದ್ಯಾರ್ಥಿನಿ ಇರ್ಬೇಕು ಅಂದ್ಕೊಂಡೆ.”

ಶಿಷ್ಯನಿಗೆ ಆ ಮಾತಿನಲ್ಲಿ ವಿಶೇಷ ಕಾಣಲಿಲ್ಲ. ಪತ್ತೇದಾರನಿಗೆ ಕಂಡಿತು. ವಿದ್ಯಾರ್ಥಿನಿಯರನ್ನು ಭಾವ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಿದ್ದರು. ಬಾಗಿಲಿಗೆ ಬಂದ ಮಗುವಿಗೂ ‘ನೀವು ಯಾರ ಮನೆಯವರು?’ ಎನ್ನುತ್ತಿದ್ದರು. ಇಷ್ಟು ವರ್ಷಗಳ ನಂಟಿನಲ್ಲಿ ಪತ್ತೇದಾರನೇ ಅವರ ಬಾಯಿಂದ ಒಂದು ಸಲವೂ ‘ನೀನು’ ಎಂದು ಕೇಳಿಸಿಕೊಂಡಿರಲಿಲ್ಲ. ‘ಏನೇ’ ಎಂದು ಭಾವ ಕರೆಯುತ್ತಿದ್ದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ.

ಆ ಒಬ್ಬಳು ಅವತ್ತು ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ ಎಂದು ಪೊಲೀಸರಿಗೂ, ತಮ್ಮನಿಗೂ ಹೇಳಿದ್ದಳು.

“ಸಾರ್, ಅದನ್ನೂ ಬರೀಬೇಕಾ?” ಎಂದು ಶಿಷ್ಯ ಕೇಳಿದ.

ಪತ್ತೇದಾರ ಹೊರಗೆ ಬಂದ.

ಲಿಫ್ಟನ್ನು ಕರೆಯದೆ ಮೆಟ್ಟಿಲು ಹಿಡಿದ. ಯೋಚಿಸಲು ಅಷ್ಟಾದರೂ ಹೊತ್ತು ಸಿಗಲಿ ಎಂದು. ಶಿಷ್ಯನ ಹೇಳಿಕೆ ಇಲ್ಲದೆ ಆತ್ಮಹತ್ಯೆಯ ಮಸಿ ಹೋಗುವುದಿಲ್ಲ. ಹೇಳಿಕೆ ಬಂದರೆ ಆ ‘ಏನೇ’ ಅದರ ಜೊತೆಗೇ ಬರುತ್ತದೆ. ಒಂದನ್ನು ಇಟ್ಟು ಇನ್ನೊಂದನ್ನು ಸೊನ್ನೆ ಮಾಡುವುದೆಂದರೆ ಅದೇ ಎರಡು ದೋಣಿಯ ಕೆಲಸ. ಅಕ್ಕನ ಗಂಡನ ಮಾನ ಒಂದು ದೋಣಿಯಲ್ಲಿ, ಅಕ್ಕ ಇನ್ನೊಂದರಲ್ಲಿ.

ಕಂಬಿಯ ಮೇಲೆ ಕೈಯಿಡಲು ಅವನಿಗೆ ಮನಸ್ಸಾಗಲಿಲ್ಲ.

ಅಕ್ಕ ಬೆಂಚಿನಲ್ಲಿ ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ತಮ್ಮನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು.

“ಏನೋ, ಮುಖ ಹಿಂಡಿ ಒಣಹಾಕಿದ ಬಟ್ಟೆ ಹಾಗಾಗಿದೆ? ಒಳ್ಳೆಯ ಸುದ್ದಿನಾ, ಕೆಟ್ಟದ್ದಾ?”

“ಒಳ್ಳೇದೇ ಅಕ್ಕ.” ಅವನು ಪಕ್ಕದಲ್ಲಿ ಕೂತ. “ಭಾವ ಬಿಸಾಕಲಿಲ್ಲ. ಅವರ ಲೆಕ್ಕದಲ್ಲಿ ತಪ್ಪಿರ್ಲಿಲ್ಲ, ಅದು ಅವರಿಗೂ ಗೊತ್ತಿತ್ತು. ಹೇಳೋ ಸಾಕ್ಷಿ ಸಿಕ್ಕಿದ್ದಾನೆ.”

ಅಕ್ಕ ಕಣ್ಣು ಮುಚ್ಚಿದಳು. ತುಟಿ ಸದ್ದಿಲ್ಲದೆ ಅಲುಗಿತು. ಊರುಗೋಲಿನ ಹಿಡಿಯ ಮೇಲೆ ಒಂದು ಹನಿ ಬಿತ್ತು, ಅವಳು ಅದನ್ನು ಹೆಬ್ಬೆರಳಿನಿಂದ ಸವರಿ ಒಣಗಿಸಿದಳು. “ತಂದುಕೊಟ್ಟೆ ಕಣೋ. ಅಪ್ಪ ಇದ್ದಿದ್ರೆ ನಿನ್ನ ತಲೆ ಸವರ್ತಿದ್ರು,” ಎಂದಳು.

“ಬಹಳ ಸಂತೋಷದಲ್ಲಿದ್ರಂತೆ ಅಕ್ಕ.”

“ಗೊತ್ತು ನನಗೆ,” ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. “ಆ ಹುಡುಗನ ಕೋಣೆಯಿಂದ ನಗ್ತಾ ನಗ್ತಾನೇ ಬಂದ್ರು.”

ಯಾವ ಹುಡುಗ, ಯಾವ ಕೋಣೆ ಎಂದು ಪತ್ತೇದಾರ ಇನ್ನೂ ಹೇಳಿರಲಿಲ್ಲ.

“ಅಕ್ಕ. ನೀನು ಮನೇಲಿದ್ದೆ ಅಂದಿದ್ದೆ.”

“ಅಂದಿದ್ದೆ.”

“ನನಗೆ ಸುಳ್ಳು ಹೇಳಿದ್ಯಾ?”

“ಹೇಳಿದೆ. ಈ ವಯಸ್ಸಲ್ಲಿ ಹೊಸ ವಿದ್ಯೆ ಕಲಿತಳು ಅಂದ್ಕೋ.” ಅವಳು ಕಣ್ಣು ತೆರೆದಳು. ಆ ಕಣ್ಣುಗಳಲ್ಲಿ ತಮಾಷೆ ಇರಲಿಲ್ಲ. “ಅವರು ತಾವಾಗಿ ಹೋಗಲಿಲ್ಲ ಅಂತ ನಾನು ಹೇಳಿದ್ರೆ, ಪಾಪ ಹೆಂಡ್ತಿ, ಗಂಡನ ಮಾನ ಮುಚ್ಚೋಕೆ ನೋಡ್ತಾಳೆ ಅಂತಿದ್ರು. ಬೇರೆಯವರ ಬಾಯಿಂದ ಬರ್ಬೇಕಿತ್ತು. ಈಗ ಬಂತು. ಇನ್ನು ನನಗೆ ಏನಾದ್ರೂ ಪರವಾಗಿಲ್ಲ.”

“ಏನಾದ್ರೂ ಅಂದ್ರೆ? ಅವರು ಬಿದ್ದಾಗ ನೀನು ಅಲ್ಲೇ ಇದ್ಯಾ? ಏನು ನೋಡ್ದೆ ಅಕ್ಕ?”

ಅಕ್ಕ ಊರುಗೋಲನ್ನು ನೆಲಕ್ಕೆ ಒತ್ತಿದಳು. ಪಕ್ಕದ ಗೋಡೆಯೊಳಗೆ ಲಿಫ್ಟು ಗುರುಗುಡುತ್ತಾ ಇಳಿಯುತ್ತಿತ್ತು.

“ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿದೋನು ನೀನು, ಕೇಳಬೇಕಾದ್ದನ್ನ ಬಿಟ್ಟು ಬೇರೆ ಎಲ್ಲ ಕೇಳ್ತೀಯ,” ಎಂದಳು, ಪಿಸುದನಿಯಲ್ಲಿ. “ಈ ಕಾಲಲ್ಲಿ ನಾನು ಹೊಸ್ತಿಲು ದಾಟೋದೇ ಕಷ್ಟ. ನನಗೆ ಈ ಕಟ್ಟಡದ ದಾರಿಯೂ ಗೊತ್ತಿರ್ಲಿಲ್ಲ. ಅವತ್ತು ಮನೆಗೆ ಬಂದು, ನಿಮ್ಮವರಿಗೆ ಮನಸ್ಸು ಕೆಟ್ಟಿದೆ, ನೀವೇ ಬಂದು ಕರ್ಕೊಂಡು ಹೋಗಿ ಅಂತ ನನ್ನನ್ನ ಕಾರಲ್ಲಿ ಕೂರಿಸಿಕೊಂಡು ಬಂದೋರು ಯಾರು ಅಂತ ನೀನು ಕೇಳಲೇ ಇಲ್ಲ.”

“ಯಾರು?”

ಲಿಫ್ಟಿನ ಬಾಗಿಲು ತೆರೆಯಿತು.

ನಿರ್ದೇಶಕರು ಹೊರಗೆ ಬಂದರು. ಕಂಕುಳಲ್ಲಿ ಕಡತ, ಜೇಬಿನಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು. ಬೆಂಚಿನಲ್ಲಿದ್ದವರನ್ನು ಕಂಡು ಮುಖದಲ್ಲಿ ಸರಿಯಾದ ಅಳತೆಯ ದುಃಖ ತಂದುಕೊಂಡು ಕೈಮುಗಿದರು.

“ಅಮ್ಮ, ನೀವು ಅವರ ಮನೆಯವರಲ್ವಾ? ಮನೆಗೆ ಬಂದು ಮಾತಾಡಿಸ್ಬೇಕು ಅಂದ್ಕೊಂಡಿದ್ದೆ, ಆಗ್ಲೇ ಇಲ್ಲ. ನಾನು ಇಲ್ಲಿಗೆ ಬಂದು ಇನ್ನೂ ಆರು ತಿಂಗಳು. ನಾವಿಬ್ರೂ ಭೇಟಿಯಾಗ್ತಿರೋದು ಇದೇ ಮೊದಲು, ಇಂಥ ಹೊತ್ತಲ್ಲಿ.”

“ಹೌದಪ್ಪ,” ಎಂದಳು ಅಕ್ಕ. ಅವಳ ದನಿ ತಿಳಿನೀರಿನ ಹಾಗಿತ್ತು. “ಇದೇ ಮೊದಲು.”

ಶಾಲಿನ ಮರೆಯಲ್ಲಿ ಅವಳ ಬೆರಳುಗಳು ತಮ್ಮನ ಮಣಿಕಟ್ಟನ್ನು ಹಿಡಿದುಕೊಂಡವು.

ನಿರ್ದೇಶಕರು ಪತ್ತೇದಾರನ ಕಡೆ ತಿರುಗಿದರು. “ನೀವು ಮೇಲೆ ಶಿಷ್ಯನ ಜೊತೆ ಬಹಳ ಹೊತ್ತು ಕೂತಿದ್ರಂತೆ. ಸಹಿ ಹಾಕೋಕೆ ಮುಂಚೆ ಕೇಳ್ಬಿಡೋಣ ಅಂತ ಬಂದೆ. ಏನಾದ್ರೂ ಸಿಕ್ತಾ?”

ಅಕ್ಕನ ಉಗುರುಗಳು ಅವನ ಚರ್ಮದೊಳಕ್ಕೆ ಇಳಿದವು.